ಗಾಡಿ ಹೊರಡುವ ಮುಂಚೆ ಹತ್ತು ನಿಮಿಷ



ಆಯುಧಪೂಜೆ ದಿನ ನಾವು ಗಾಡಿ ತೊಳೆಯುತ್ತೇವೆ. ಅರಿಶಿನ ಕುಂಕುಮ ಇಡುತ್ತೇವೆ. ಹೂವಿನ ಹಾರ ಹಾಕುತ್ತೇವೆ. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಡುತ್ತೇವೆ. ಅವತ್ತು ನಾಲ್ಕೂ ಚಕ್ರವನ್ನು ಬಗ್ಗಿ ನೋಡುತ್ತೇವೆ. ವರ್ಷದ ಮಿಕ್ಕ ದಿನಗಳಲ್ಲಿ ಯಾರು ನೋಡುತ್ತಾರೆ?

ನಮ್ಮ ಕೋಲಾರದ ಗಾಡಿಗಳ ನಂಬರ್ ಹಲಗೆ ಓದಿ. ಕೆ.ಎ. 07 ಎಂದು ಇರುತ್ತದೆ. ಕೆ.ಎ. ಎಂದರೆ ಕರ್ನಾಟಕ. 07 ಎಂದರೆ ಕೋಲಾರ. ಈ ನಂಬರಿನ ಗಾಡಿಗಳು ಹಗಲೂ ರಾತ್ರಿ ಓಡುತ್ತವೆ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ತರುತ್ತವೆ. ಶ್ರೀನಿವಾಸಪುರದ ಮಂಡಿಗೆ ಮಾವು ತರುತ್ತವೆ. ಮಾಲೂರಿನಿಂದ ಇಟ್ಟಿಗೆ, ಹೆಂಚು ಒಯ್ಯುತ್ತವೆ. ಮುಳಬಾಗಿಲಿನಿಂದ ನಂಗಲಿ ದಾಟಿ ಆಂಧ್ರಕ್ಕೆ ಹೋಗುತ್ತವೆ. ನರಸಾಪುರ, ವೇಮಗಲ್ ಕಾರ್ಖಾನೆಗಳಿಗೆ ನಮ್ಮ ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತವೆ.

ಎಷ್ಟೋ ಮನೆಯಲ್ಲಿ ಗಾಡಿ ಬಂದದ್ದು ಸಾಲದಿಂದ. ಸಂಘದಲ್ಲಿ ಸಹಿ ಹಾಕಿದವರು ನಾವು. ತಿಂಗಳ ಕಂತು ಕಟ್ಟುವವರೂ ನಾವು. ಗಾಡಿ ದಾರಿಯಲ್ಲಿ ನಿಂತರೆ ಟೊಮೆಟೊ ಕೊಳೆಯುತ್ತದೆ. ಕಂತು ಮಾತ್ರ ನಿಲ್ಲುವುದಿಲ್ಲ. ಟೈರು ಒಡೆದರೆ, ಬ್ರೇಕ್ ಹಿಡಿಯದಿದ್ದರೆ, ಹೋಗುವುದು ಹಣ ಮಾತ್ರ ಅಲ್ಲ.

2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491 ಜನ. ಒಂದು ದಿನಕ್ಕೆ ಸುಮಾರು 460 ಜನ. ಹೆಚ್ಚಿನ ಸಾವಿಗೆ ಕಾರಣ ಅತಿ ವೇಗ. ಗಾಡಿಯ ದೋಷವೂ ಒಂದು ಕಾರಣ. ಈ ದೋಷಗಳಲ್ಲಿ ಕೆಲವನ್ನು ಮನೆಯ ಮುಂದೆಯೇ ಕಂಡುಹಿಡಿಯಬಹುದು.

"ಅಯ್ಯೋ, ಗಾಡಿ ವಿಷಯ ನಮಗೇನಮ್ಮ ಗೊತ್ತಾಗುತ್ತೆ?" ಅಂತ ಕೇಳುವವರಿದ್ದಾರೆ. ಗೊತ್ತಾಗುತ್ತೆ. ಗಾಡಿ ರಿಪೇರಿ ಮಾಡೋಕೆ ಮೆಕಾನಿಕ್ ಬೇಕು. ಗಾಡಿ ನೋಡೋಕೆ ಓದು ಬಂದರೆ ಸಾಕು. ಗಾಡಿ ತನ್ನ ಸ್ಥಿತಿಯನ್ನು ತಾನೇ ಬರೆದುಕೊಂಡಿರುತ್ತದೆ. ಅಂಕಿಯಲ್ಲಿ ಬರೆದಿರುತ್ತದೆ. ಗೆರೆಯಲ್ಲಿ, ಬಣ್ಣದಲ್ಲಿ, ದೀಪದಲ್ಲಿ ತೋರಿಸುತ್ತದೆ. ಅದನ್ನು ಓದುವುದು ಹೇಗೆ? ಒಂದೊಂದಾಗಿ ನೋಡೋಣ.

ಹೆಂಗಸರೂ ಓಡಿಸುತ್ತಾರೆ

ಸೆಲ್ವಿ ಅವರ ಹೆಸರು ಕೇಳಿದ್ದೀರಾ? ಅವರಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆ ಆಗಿತ್ತು. ಗಂಡನ ಮನೆಯಲ್ಲಿ ಬಹಳ ಕಷ್ಟಪಟ್ಟರು. ಅಲ್ಲಿಂದ ತಪ್ಪಿಸಿಕೊಂಡು ಬಂದರು. ಮೈಸೂರಿನ ಒಡನಾಡಿ ಸಂಸ್ಥೆ ಅವರಿಗೆ ಆಶ್ರಯ ಕೊಟ್ಟಿತು. ಮುಂದೆ ಅವರು ಗಾಡಿ ಓಡಿಸುವುದನ್ನು ಕಲಿತರು. ಟ್ಯಾಕ್ಸಿ ಓಡಿಸಿ ತಮ್ಮ ಕಾಲ ಮೇಲೆ ತಾವು ನಿಂತರು. ಅವರ ಬದುಕಿನ ಬಗ್ಗೆ ಒಂದು ಸಾಕ್ಷ್ಯಚಿತ್ರವೂ 2015ರಲ್ಲಿ ಬಂತು.

ಮೊದಲು ಟ್ಯಾಕ್ಸಿ, ಲಾರಿ ಓಡಿಸುವ ಲೈಸೆನ್ಸ್ ಪಡೆಯಲು 8ನೇ ತರಗತಿ ಪಾಸಾಗಿರಬೇಕಿತ್ತು. ಆ ನಿಯಮವನ್ನು ಸರ್ಕಾರ 2019ರಲ್ಲಿ ತೆಗೆದುಹಾಕಿತು. ಶಾಲೆ ಬಿಟ್ಟವರಿಗೂ ಈಗ ದಾರಿ ಇದೆ. ಆದರೆ ತರಬೇತಿ ಬೇಕು, ಪರೀಕ್ಷೆ ಪಾಸಾಗಬೇಕು. ರಸ್ತೆಯ ಗುರುತುಗಳನ್ನು ಓದಲು ಬರಬೇಕು.

ನೀವು ಓಡಿಸುತ್ತಿದ್ದರೂ ಸರಿ, ಬರೀ ಕುಳಿತು ಹೋಗುತ್ತಿದ್ದರೂ ಸರಿ. ಈ ಪಾಠ ನಿಮಗೆ ಬೇಕಾದದ್ದು.

1. ಗಾಡಿಯ ಕೆಳಗೆ ನೋಡಿ

ರಾತ್ರಿ ಗಾಡಿ ನಿಲ್ಲಿಸುವಾಗ ಇಂಜಿನ್ ಕೆಳಗೆ ಹಳೆಯ ರಟ್ಟು ಹಾಸಿ. ಬೆಳಿಗ್ಗೆ ಆ ರಟ್ಟನ್ನು ನೋಡಿ. ಅದರ ಮೇಲೆ ಹನಿ ಬಿದ್ದಿದೆಯೇ?

ಬರೀ ನೀರು ಆಗಿದ್ದರೆ ಹೆದರಬೇಡಿ. ಏ.ಸಿ. ಇರುವ ಕಾರಿನಲ್ಲಿ ನೀರು ತೊಟ್ಟಿಕ್ಕುತ್ತದೆ. ಕಪ್ಪು ಅಥವಾ ಕಂದು ಜಿಡ್ಡು ಇದ್ದರೆ ಅದು ಇಂಜಿನ್ ಎಣ್ಣೆ. ಹಸಿರು, ಗುಲಾಬಿ, ನೀಲಿ ಬಣ್ಣದ ನೀರು ಇದ್ದರೆ ಅದು ಕೂಲೆಂಟ್. ಅಂದರೆ ಇಂಜಿನ್ನನ್ನು ತಂಪು ಮಾಡುವ ದ್ರವ. ಚಕ್ರದ ಹತ್ತಿರ ತಿಳಿ ಹಳದಿ ಜಿಡ್ಡು ಕಂಡರೆ ಅದು ಬ್ರೇಕ್ ಎಣ್ಣೆ ಇರಬಹುದು. ಹಾಗಿದ್ದರೆ ಗಾಡಿ ತೆಗೆಯಬೇಡಿ. ಮೆಕಾನಿಕ್‌ನನ್ನು ಮನೆಗೇ ಕರೆಸಿ.

2. ಟೈರು ಓದಿ

ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲಿನ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಟೈರಿಗೆ ಎಷ್ಟು ಗಾಳಿ ಇರಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಮುಂದಿನ ಚಕ್ರಕ್ಕೆ ಬೇರೆ, ಹಿಂದಿನ ಚಕ್ರಕ್ಕೆ ಬೇರೆ ಇರಬಹುದು. ಹೊರೆ ಹಾಕಿದಾಗ ಎಷ್ಟು ಎಂದೂ ಇರುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 35ರ ಒಳಗೆ ಇರುತ್ತದೆ. ನಿಮ್ಮ ಗಾಡಿಯ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಗಾಳಿ ಹಿಡಿಸುವಾಗ ಆ ಅಂಕಿ ಹೇಳಿ.

ಗಾಡಿ ಓಡಿದ ಮೇಲೆ ಟೈರು ಬಿಸಿ ಆಗುತ್ತದೆ. ಆಗ ಒಳಗಿನ ಗಾಳಿ ಹಿಗ್ಗುತ್ತದೆ. ಅಳತೆ ಹೆಚ್ಚು ತೋರಿಸುತ್ತದೆ. ಆದ್ದರಿಂದ ಬೆಳಿಗ್ಗೆ, ಟೈರು ತಣ್ಣಗಿರುವಾಗ ಅಳೆಯಬೇಕು.

ಗಾಳಿ ಕಡಿಮೆ ಇದ್ದರೆ ಏನಾಗುತ್ತದೆ? ಟೈರಿನ ಪಕ್ಕೆ ಮಡಚಿ ಮಡಚಿ ಕಾಯುತ್ತದೆ. ಕೊನೆಗೆ ಒಡೆಯುತ್ತದೆ. ಗಾಳಿ ಜಾಸ್ತಿ ಆದರೂ ಕಷ್ಟ. ಟೈರು ನೆಲವನ್ನು ಸರಿಯಾಗಿ ಕಚ್ಚುವುದಿಲ್ಲ.

ಈಗ ಟೈರಿನ ಗೀರುಗಳನ್ನು ನೋಡಿ. ಮಳೆಯ ನೀರು ಈ ಗೀರುಗಳಿಂದಲೇ ಹೊರಗೆ ಹೋಗುತ್ತದೆ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತು ಅಂತ ಅರ್ಥ. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಆಳ ಇರಬಾರದು. ಇದು ಕಾನೂನು.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳು ಒಂದು ಸಣ್ಣ ಚೌಕದೊಳಗೆ ಇರುತ್ತವೆ. ಉದಾಹರಣೆಗೆ 2319. ಮೊದಲ ಎರಡು ಅಂಕಿ ವಾರ. ಕೊನೆಯ ಎರಡು ಅಂಕಿ ವರ್ಷ. ಈ ಟೈರು 2019ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು. ರಬ್ಬರು ಹಳೆಯದಾದರೆ ಬಿರುಕು ಬಿಡುತ್ತದೆ. ಗೀರು ಚೆನ್ನಾಗಿದ್ದರೂ ಬಿರುಕು ಬಿಟ್ಟ ಟೈರು ಬೇಡ. ಪಕ್ಕೆ ಉಬ್ಬಿದ ಟೈರು ಬೇಡವೇ ಬೇಡ. ಹಳೆಯ ಟೈರು ಕೊಳ್ಳುವಾಗ ಈ ನಾಲ್ಕು ಅಂಕಿ ಓದಿ ನೋಡಿ. ಯಾರೂ ನಿಮ್ಮನ್ನು ಮೋಸ ಮಾಡಲಾರರು.

ಸ್ಟೆಪ್ನಿಯನ್ನು ಮರೆಯಬೇಡಿ. ಅದರಲ್ಲೂ ಗಾಳಿ ಇರಬೇಕು. ಜಾಕಿ, ಪಾನಾ ಗಾಡಿಯಲ್ಲೇ ಇರಬೇಕು.

ಮೊದಲು ಕೋಲಾರದ ಮೇಲೆ ಹೋಗುವ ಹೆದ್ದಾರಿಯನ್ನು 4ನೇ ನಂಬರ್ ಎನ್ನುತ್ತಿದ್ದೆವು. ಈಗ ಅದು 75ನೇ ನಂಬರ್ ಹೆದ್ದಾರಿ. ಮಾಲೂರು, ಬಂಗಾರಪೇಟೆ ಕಡೆ ಚೆನ್ನೈಗೆ ಹೋಗುವ ಹೊಸ ಎಕ್ಸ್‌ಪ್ರೆಸ್ ರಸ್ತೆಯೂ ಬಂದಿದೆ. ಒಳ್ಳೆಯ ರಸ್ತೆ ಅಂತ ಎಲ್ಲರೂ ಜೋರಾಗಿ ಓಡಿಸುತ್ತಾರೆ. ಹಳ್ಳಿ ರಸ್ತೆಯಲ್ಲಿ ಹೇಗೋ ತಡೆದುಕೊಂಡ ಟೈರು ಅಲ್ಲಿ ತಡೆಯುವುದಿಲ್ಲ.

3. ಇಂಜಿನ್ ಎಣ್ಣೆ ನೋಡಿ

ಗಾಡಿ ಸಮ ನೆಲದಲ್ಲಿ ನಿಂತಿರಲಿ. ಇಂಜಿನ್ ಆರಿಸಿ ಹತ್ತು ನಿಮಿಷ ಆಗಿರಲಿ. ಮುಂದಿನ ಮುಚ್ಚಳ ಎತ್ತಿ. ಹಳದಿ ಅಥವಾ ಕೇಸರಿ ಹಿಡಿ ಇರುವ ಒಂದು ಉದ್ದ ಕಡ್ಡಿ ಇರುತ್ತದೆ. ಅದನ್ನು ಎಳೆಯಿರಿ. ಬಟ್ಟೆಯಲ್ಲಿ ಒರೆಸಿ. ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಕಡ್ಡಿಯ ತುದಿಯಲ್ಲಿ ಎರಡು ಗುರುತು ಇವೆ. ಎಣ್ಣೆ ಆ ಎರಡು ಗುರುತಿನ ನಡುವೆ ಇರಬೇಕು.

ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಎಣ್ಣೆ ಹಾಕಬೇಕು. ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ. ಮೇಲಿನ ಗುರುತು ದಾಟಿಸಬೇಡಿ. ಎಣ್ಣೆ ಹಾಲು ಬೆರೆತ ಕಾಫಿಯಂತೆ ಕಂಡರೆ ಅದಕ್ಕೆ ನೀರು ಸೇರಿದೆ. ಗಾಡಿ ಓಡಿಸಬೇಡಿ.

ಎಣ್ಣೆ ಇಲ್ಲದ ಇಂಜಿನ್ ಒಂದೇ ದಿನದಲ್ಲಿ ಹಾಳಾಗಬಹುದು. ಅದರ ರಿಪೇರಿಗೆ ಎಷ್ಟೋ ತಿಂಗಳ ಕಂತಿನ ಹಣ ಬೇಕು. ಕಡ್ಡಿ ಎಳೆದು ನೋಡಲು ಒಂದು ನಿಮಿಷ ಸಾಕು.

4. ಇಂಜಿನ್ನಿಗೆ ಕೊಳವೆಬಾವಿ ನೀರು ಬೇಡ

ನಮ್ಮ ಕಡೆ ನೀರು ಕಾಯಿಸುವ ಹಂಡೆಯ ಒಳಗೆ ನೋಡಿದ್ದೀರಲ್ಲ? ಬಿಳಿಯ ಗಟ್ಟಿ ಪದರ ಕಟ್ಟಿರುತ್ತದೆ. ಅದು ನೀರಿನಲ್ಲಿರುವ ಉಪ್ಪು, ಸುಣ್ಣ. ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿ ಬಹಳ ಆಳ. ನೀರು ಗಡಸು. ಅದೇ ನೀರನ್ನು ರೇಡಿಯೇಟರಿಗೆ ಹಾಕಿದರೆ ಅಲ್ಲೂ ಪದರ ಕಟ್ಟುತ್ತದೆ. ಸಣ್ಣ ಕೊಳವೆಗಳು ಮುಚ್ಚಿಹೋಗುತ್ತವೆ. ಇಂಜಿನ್ ಕಾಯುತ್ತದೆ.

ಇಂಜಿನ್ ಹತ್ತಿರ ಬೆಳಕು ಹಾಯುವ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರ ಮೇಲೆ ಎರಡು ಗೆರೆ ಇವೆ. ಕೆಳಗಿನದು ಮಿನಿಮಮ್, ಅಂದರೆ ಕನಿಷ್ಠ. ಮೇಲಿನದು ಮ್ಯಾಕ್ಸಿಮಮ್, ಅಂದರೆ ಗರಿಷ್ಠ. ಕೂಲೆಂಟ್ ಈ ಎರಡರ ನಡುವೆ ಇರಬೇಕು. ಕಡಿಮೆ ಇದ್ದರೆ ಕೂಲೆಂಟ್ ಹಾಕಿ. ಪದೇ ಪದೇ ಕಡಿಮೆ ಆಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಮೆಕಾನಿಕ್‌ಗೆ ತೋರಿಸಿ.

ಎಚ್ಚರಿಕೆ: ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ವಿಷಲ್ ಇಳಿಯುವ ಮುಂಚೆ ಕುಕ್ಕರ್ ತೆಗೆಯುತ್ತೀರಾ? ಇದೂ ಹಾಗೇ. ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಗಾಡಿ ನಿಲ್ಲಿಸಿ. ಪೂರ್ತಿ ತಣ್ಣಗಾಗಲಿ. ಆಮೇಲೆ ತೆಗೆಯಿರಿ.

5. ಬ್ರೇಕ್ ಒತ್ತಿ ನೋಡಿ

ಬ್ರೇಕ್ ಎಣ್ಣೆಗೆ ಬೇರೆ ಸಣ್ಣ ಡಬ್ಬಿ ಇದೆ. ಅದಕ್ಕೂ ಎರಡು ಗೆರೆ ಇವೆ. ಎಣ್ಣೆ ಕೆಳಗಿನ ಗೆರೆಗೆ ಇಳಿದಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ. ಎಲ್ಲೋ ಸೋರುತ್ತಿರಬೇಕು. ಇಲ್ಲವೇ ಬ್ರೇಕ್ ಪ್ಯಾಡ್ ಸವೆದಿರಬೇಕು. ಇದು ಮೆಕಾನಿಕ್ ಕೆಲಸ.

ಇಂಜಿನ್ ಚಾಲೂ ಮಾಡಿ ಬ್ರೇಕ್ ಒತ್ತಿ. ಕಾಲಿಗೆ ಗಟ್ಟಿಯಾಗಿ ಸಿಗಬೇಕು. ಮೆತ್ತಗೆ ಹಿಟ್ಟಿನ ಮುದ್ದೆಯ ಹಾಗೆ ಅನಿಸಿದರೆ, ಕಾಲು ತಳದವರೆಗೂ ಹೋದರೆ, ಗಾಡಿ ಹೊರಡಿಸಬೇಡಿ. ಬ್ರೇಕ್ ಸರಿ ಇದ್ದರೂ ಊರು ದಾಟುವ ಮುಂಚೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಒಮ್ಮೆ ಒತ್ತಿ ನೋಡಿ. ಗಾಡಿ ಒಂದು ಪಕ್ಕಕ್ಕೆ ಎಳೆಯಬಾರದು. ಕರಕರ ಸದ್ದು ಬರಬಾರದು.

6. ಬ್ಯಾಟರಿ ಮತ್ತು ಗಾಳಿ ಜಾಲರಿ

ಬ್ಯಾಟರಿಯ ಎರಡು ತುದಿಯಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದರೆ ಗಾಡಿ ಸ್ಟಾರ್ಟ್ ಆಗುವುದು ಕಷ್ಟ. ಇಂಜಿನ್ ಆರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೈ ತೊಳೆದುಕೊಳ್ಳಿ, ಅದರಲ್ಲಿ ಆಸಿಡ್ ಇರುತ್ತದೆ. ಬ್ಯಾಟರಿ ಹತ್ತಿರ ಬೆಂಕಿಕಡ್ಡಿ ಗೀಚಬೇಡಿ. ಹಳೆಯ ಬಗೆಯ ಬ್ಯಾಟರಿಗೆ ನೀರು ಹಾಕಬೇಕಾಗುತ್ತದೆ. ಅದಕ್ಕೆ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಕೊಳಾಯಿ ನೀರು ಬೇಡ.

ಮಾಲೂರಿನ ಇಟ್ಟಿಗೆ ಗೂಡು, ಟೇಕಲ್ ಕಡೆಯ ಕಲ್ಲು ಕ್ವಾರಿ, ಇಲ್ಲೆಲ್ಲಾ ಧೂಳು ಬಹಳ. ಇಂಜಿನ್ನೂ ಉಸಿರಾಡುತ್ತದೆ. ಅದರ ಮೂಗಿನಲ್ಲಿರುವ ಜಾಲರಿಗೆ ಏರ್ ಫಿಲ್ಟರ್ ಅನ್ನುತ್ತಾರೆ. ಅದರಲ್ಲಿ ಧೂಳು ತುಂಬಿದರೆ ಗಾಡಿ ಹೆಚ್ಚು ಎಣ್ಣೆ ಕುಡಿಯುತ್ತದೆ. ಧೂಳಿನ ದಾರಿಯಲ್ಲಿ ಓಡುವ ಗಾಡಿಯ ಜಾಲರಿಯನ್ನು ಬೇಗ ಬೇಗ ನೋಡಿಸಿ.

7. ದೀಪ ನೋಡಲು ಇಬ್ಬರು ಬೇಕು

ಒಬ್ಬರು ಒಳಗೆ ಕುಳಿತು ಒಂದೊಂದೇ ಗುಂಡಿ ಒತ್ತಿ. ಇನ್ನೊಬ್ಬರು ಗಾಡಿ ಸುತ್ತಿ ನೋಡಿ. ಮುಂದಿನ ದೀಪ, ಡಿಪ್ಪರ್, ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಹಿಂದಿನ ಕೆಂಪು ದೀಪ, ಬ್ರೇಕ್ ದೀಪ. ಎಲ್ಲಾ ಉರಿಯಬೇಕು. ಗಾಡಿ ಹೊರಡುವಾಗ ಮಕ್ಕಳೂ ಇದನ್ನು ನೋಡಿ ಹೇಳಬಹುದು. ಆದರೆ ಗಾಡಿಯ ಹಿಂದೆ ಮಗು ನಿಂತಿರುವಾಗ ರಿವರ್ಸ್ ಗೇರ್ ಹಾಕಬೇಡಿ.

ಬೆಳಗಿನ ಜಾವ ಮಂಜು ಮುಸುಕಿರುತ್ತದೆ. ಟೊಮೆಟೊ ಗಾಡಿಗಳು ಅದೇ ಹೊತ್ತಿಗೆ ಹೊರಡುತ್ತವೆ. ಹಿಂದಿನ ಕೆಂಪು ದೀಪ ಇಲ್ಲದ ಗಾಡಿ ಹಿಂದೆ ಬರುವವರಿಗೆ ಕಾಣುವುದೇ ಇಲ್ಲ.

ಗಾಜು ಒರೆಸಿ. ವೈಪರ್ ರಬ್ಬರು ಹರಿದಿದೆಯೇ ನೋಡಿ. ಸೀಟ್ ಬೆಲ್ಟನ್ನು ಜೋರಾಗಿ ಎಳೆದು ನೋಡಿ. ಅದು ತಟ್ಟನೆ ಹಿಡಿದುಕೊಳ್ಳಬೇಕು.

8. ಕೆಂಪು ದೀಪ, ಹಳದಿ ದೀಪ

ಕೀಲಿ ತಿರುಗಿಸಿದಾಗ ಡ್ರೈವರ್ ಎದುರು ಕೆಲವು ಸಣ್ಣ ದೀಪ ಹತ್ತಿಕೊಳ್ಳುತ್ತವೆ. ಇಂಜಿನ್ ಚಾಲೂ ಆದ ಮೇಲೆ ಆರುತ್ತವೆ. ಆರದೆ ಉಳಿದರೆ ಏನೋ ಹೇಳುತ್ತಿವೆ ಅಂತ ತಿಳಿಯಿರಿ.

ಕೆಂಪು ದೀಪ ಎಂದರೆ ನಿಲ್ಲಿಸಿ. ಹಳದಿ ದೀಪ ಎಂದರೆ ಬೇಗ ತೋರಿಸಿ.

ಎಣ್ಣೆ ಗಿಂಡಿಯ ಚಿತ್ರ: ಇಂಜಿನ್ನಿಗೆ ಎಣ್ಣೆ ಸರಿಯಾಗಿ ಹೋಗುತ್ತಿಲ್ಲ. ತಕ್ಷಣ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ.
ನೀರಿನ ಅಲೆಯಲ್ಲಿ ನಿಂತ ಕಡ್ಡಿಯ ಚಿತ್ರ: ಇಂಜಿನ್ ಕಾದಿದೆ. ನಿಲ್ಲಿಸಿ.
ಡಬ್ಬಿಯ ಮೇಲೆ ಕೂಡುವ, ಕಳೆಯುವ ಗುರುತು: ಬ್ಯಾಟರಿ ಚಾರ್ಜ್ ಆಗುತ್ತಿಲ್ಲ.
ವೃತ್ತದೊಳಗೆ ಆಶ್ಚರ್ಯ ಚಿಹ್ನೆ: ಹ್ಯಾಂಡ್ ಬ್ರೇಕ್ ಹಾಕಿದೆ, ಇಲ್ಲವೇ ಬ್ರೇಕಿನಲ್ಲಿ ತೊಂದರೆ ಇದೆ.

9. ಹೊರೆಯ ಲೆಕ್ಕ ಮಾಡಿ

ಆರ್.ಸಿ. ಕಾರ್ಡಿನಲ್ಲಿ ಎರಡು ತೂಕ ಬರೆದಿರುತ್ತದೆ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಹೊರೆ ಸೇರಿದ ಪೂರ್ತಿ ತೂಕ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉಳಿದದ್ದೇ ನೀವು ಹಾಕಬಹುದಾದ ಹೊರೆ. ಜನರ ತೂಕವೂ ಅದರಲ್ಲೇ ಸೇರಿದೆ.

ಒಂದು ಸಣ್ಣ ಸರಕು ಗಾಡಿಯಲ್ಲಿ ಹೀಗೆ ಕಳೆದಾಗ 750 ಕೆ.ಜಿ. ಬಂತು ಎಂದುಕೊಳ್ಳಿ. ಡ್ರೈವರ್ ಮತ್ತು ಇನ್ನೊಬ್ಬರು ಸೇರಿ 120 ಕೆ.ಜಿ. ಉಳಿದದ್ದು 630 ಕೆ.ಜಿ. ಒಂದು ಬಾಕ್ಸ್ ಟೊಮೆಟೊ 15 ಕೆ.ಜಿ. ಆದರೆ 42 ಬಾಕ್ಸ್. ಖಾಲಿ ಬಾಕ್ಸಿನ ತೂಕ ಸೇರಿಸಿದರೆ ಇನ್ನೂ ಕಡಿಮೆ. ಅದೇ ಗಾಡಿಗೆ 80 ಬಾಕ್ಸ್ ಹೇರಿದರೆ ಬ್ರೇಕ್ ಒತ್ತಿದಲ್ಲಿ ಗಾಡಿ ನಿಲ್ಲುವುದಿಲ್ಲ. ಟೈರು ಕಾಯುತ್ತದೆ. ಮಾವಿನ ಸುಗ್ಗಿಯ ಬಿಸಿಲಿನಲ್ಲಿ ಇನ್ನೂ ಅಪಾಯ.

ಇನ್ನೊಂದು ಮಾತು. ಟೊಮೆಟೊ ಬಿಡಿಸಲು ಹೋಗುವ ನಮ್ಮನ್ನು ಸರಕಿನ ಗಾಡಿಯ ಹಿಂದೆ ನಿಲ್ಲಿಸಿ ಕರೆದೊಯ್ಯುತ್ತಾರೆ. ಕಾನೂನು ಇದನ್ನು ಒಪ್ಪುವುದಿಲ್ಲ. ಹಿಡಿದುಕೊಳ್ಳಲು ಏನೂ ಇಲ್ಲ. ಗಾಡಿ ಮಗುಚಿದರೆ ಮೊದಲು ಬೀಳುವವರು ನಾವು. ವಿಮೆಯ ಹಣ ಸಿಗುವುದೂ ಕಷ್ಟ. "ಕೂರುವ ಗಾಡಿ ತನ್ನಿ, ಬರುತ್ತೇವೆ" ಎಂದು ಹತ್ತು ಜನ ಸೇರಿ ಹೇಳೋಣ. ಒಬ್ಬರು ಹೇಳಿದರೆ ಕೇಳದವರು ಹತ್ತು ಜನ ಹೇಳಿದರೆ ಕೇಳುತ್ತಾರೆ.

10. ಕಾಗದದ ತಾರೀಖು ಓದಿ

ವಿಮೆ, ಹೊಗೆ ತಪಾಸಣೆ, ಲೈಸೆನ್ಸ್, ಬಾಡಿಗೆ ಗಾಡಿಯಾದರೆ ಎಫ್.ಸಿ., ಇವೆಲ್ಲಕ್ಕೂ ಕೊನೆಯ ತಾರೀಖು ಇದೆ. ಓದಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಸುತ್ತು ಹಾಕಿ. ವಿಮೆ ಮುಗಿದ ಮರುದಿನ ಅಪಘಾತ ಆದರೂ ಕಂಪನಿ ಹಣ ಕೊಡುವುದಿಲ್ಲ. ಪರಿಹಾರವನ್ನು ಮನೆಯವರೇ ತುಂಬಬೇಕಾಗುತ್ತದೆ. ಹೊಲ ಮಾರಬೇಕಾಗಿ ಬಂದರೂ ಬರಬಹುದು.

ಯಾವಾಗ ನೋಡಬೇಕು?

ದಿನಾ: ಗಾಡಿಯ ಕೆಳಗೆ, ಟೈರು, ದೀಪ, ಬ್ರೇಕ್.
ವಾರಕ್ಕೊಮ್ಮೆ: ಇಂಜಿನ್ ಎಣ್ಣೆ, ಕೂಲೆಂಟ್, ಬ್ರೇಕ್ ಎಣ್ಣೆ, ಟೈರಿನ ಗಾಳಿ, ಸ್ಟೆಪ್ನಿ.
ತಿಂಗಳಿಗೊಮ್ಮೆ: ಬ್ಯಾಟರಿ, ವೈಪರ್, ಸೀಟ್ ಬೆಲ್ಟ್, ಕಾಗದಗಳ ತಾರೀಖು.

ಒಂದು ಹಳೆಯ ನೋಟ್ ಪುಸ್ತಕ ತೆಗೆದುಕೊಳ್ಳಿ. ತಾರೀಖು ಬರೆಯಿರಿ. ನೋಡಿದ್ದನ್ನು ಬರೆಯಿರಿ. ಎಷ್ಟು ಕಿಲೋಮೀಟರ್ ಓಡಿದೆ, ಎಣ್ಣೆ ಯಾವಾಗ ಬದಲಾಯಿಸಿದ್ದು, ರಿಪೇರಿಗೆ ಎಷ್ಟು ಕೊಟ್ಟಿದ್ದು, ಎಲ್ಲಾ ಬರೆಯಿರಿ. ಬರೆದ ಲೆಕ್ಕ ಕೈಯಲ್ಲಿದ್ದರೆ ಗ್ಯಾರೇಜಿನಲ್ಲಿ ಮಾತನಾಡಲು ಧೈರ್ಯ ಬರುತ್ತದೆ.

ದಾರಿಯಲ್ಲಿ ಗಾಡಿ ಕೆಟ್ಟರೆ

ಗಾಡಿಯನ್ನು ರಸ್ತೆಯ ಎಡ ಅಂಚಿಗೆ ತನ್ನಿ. ಎರಡೂ ಇಂಡಿಕೇಟರ್ ಒಟ್ಟಿಗೆ ಹಾಕಿ. ಕೆಂಪು ತ್ರಿಕೋನವನ್ನು ಗಾಡಿಯ ಹಿಂದೆ ದೂರದಲ್ಲಿ ಇಡಿ. ಎಲ್ಲರೂ ಇಳಿದು ರಸ್ತೆಯಿಂದ ಆಚೆ ನಿಲ್ಲಿ. ಗಾಡಿಯ ಹಿಂದೆ ನಿಲ್ಲಬೇಡಿ. ಈ ನಂಬರುಗಳನ್ನು ಬಾಯಿಪಾಠ ಮಾಡಿ:

ಆಂಬ್ಯುಲೆನ್ಸ್ 108
ಪೊಲೀಸ್ ಮತ್ತು ತುರ್ತು ಸಹಾಯ 112
ರಾಷ್ಟ್ರೀಯ ಹೆದ್ದಾರಿ ಸಹಾಯ 1033

ಕೇಳಲು ನಾಚಿಕೆ ಬೇಡ

"ಡ್ರೈವರಣ್ಣ, ಈ ಟೈರು ಸವೆದಿದೆಯಲ್ಲ, ಯಾವಾಗ ಬದಲಾಯಿಸ್ತೀರಿ?" ಎಂದು ಕೇಳಿ. ಕೆಲವರು ನಗಬಹುದು. "ನಿನಗೇನಮ್ಮ ಗೊತ್ತು?" ಅನ್ನಬಹುದು. ಆಗ ಗೀರಿನೊಳಗಿನ ದಿಣ್ಣೆಯನ್ನು ಬೆರಳಿಟ್ಟು ತೋರಿಸಿ. ಟೈರಿನ ನಾಲ್ಕು ಅಂಕಿ ಓದಿ ಹೇಳಿ. ನಗು ನಿಲ್ಲುತ್ತದೆ. ಆ ಗಾಡಿಯಲ್ಲಿ ಕೂರುವವರು ನಾವು, ನಮ್ಮ ಮಕ್ಕಳು. ಕೇಳುವ ಹಕ್ಕು ನಮಗಿದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇದೆ. ನಮ್ಮ ಮನೆಯ ಗಾಡಿಗೆ ಹಾಗಾಗದಿರಲಿ. ನಾಳೆ ಬೆಳಿಗ್ಗೆಯೇ ಶುರು ಮಾಡಿ. ನೀವು ಕಲಿತದ್ದನ್ನು ಪಕ್ಕದ ಮನೆಯವರಿಗೂ ಕಲಿಸಿ.

ಓದಿದಿರಲ್ಲ? ಈಗ ಉತ್ತರ ಹೇಳಿ

1. ಟೈರಿನ ಗಾಳಿಯನ್ನು ಯಾವಾಗ ಅಳೆಯಬೇಕು? ಏಕೆ?
2. ಒಂದು ಟೈರಿನ ಮೇಲೆ 1422 ಎಂದು ಇದೆ. ಅದು ಯಾವ ವರ್ಷದ್ದು? ಎಷ್ಟನೇ ವಾರದ್ದು?
3. ರೇಡಿಯೇಟರಿಗೆ ಕೊಳವೆಬಾವಿ ನೀರು ಏಕೆ ಹಾಕಬಾರದು?
4. ಎಣ್ಣೆ ಗಿಂಡಿಯ ಕೆಂಪು ದೀಪ ಹತ್ತಿದರೆ ಏನು ಮಾಡಬೇಕು?

ಲೆಕ್ಕ ಮಾಡಿ

ಒಂದು ಗಾಡಿಯ ಪೂರ್ತಿ ತೂಕ 1,600 ಕೆ.ಜಿ. ಖಾಲಿ ತೂಕ 900 ಕೆ.ಜಿ. ಗಾಡಿಯಲ್ಲಿ ಇಬ್ಬರಿದ್ದಾರೆ. ಅವರ ತೂಕ 130 ಕೆ.ಜಿ. 15 ಕೆ.ಜಿ.ಯ ಎಷ್ಟು ಬಾಕ್ಸ್ ಹಾಕಬಹುದು?

ಬಿಟ್ಟ ಜಾಗ ತುಂಬಿ

1. ಕೋಲಾರದ ಗಾಡಿಗಳ ನಂಬರ್ ಕೆ.ಎ. ______
2. ಆಂಬ್ಯುಲೆನ್ಸ್ ಕರೆಯುವ ನಂಬರ್ ______
3. ನಮ್ಮ ಗಾಡಿಯ ವಿಮೆ ಮುಗಿಯುವ ತಾರೀಖು ______

ಸೇರಿ ಮಾಡಿ

ಕಲಿಕಾ ಕೇಂದ್ರದ ಹತ್ತಿರ ನಿಂತಿರುವ ಒಂದು ಗಾಡಿಯ ಬಳಿ ಎಲ್ಲರೂ ಹೋಗಿ. ಗಾಡಿಯವರ ಒಪ್ಪಿಗೆ ಕೇಳಿ. ನಾಲ್ಕು ಟೈರಿನ ಅಂಕಿಗಳನ್ನು ಓದಿ ಬರೆದುಕೊಳ್ಳಿ. ಎಲ್ಲಕ್ಕಿಂತ ಹಳೆಯ ಟೈರು ಯಾವುದು? ಗಾಡಿಯವರಿಗೂ ಹೇಳಿ ಬನ್ನಿ.